ತಕ್ಕಡಿ ಪೋರ್ಟು, ಫ್ಯಾಟ್ ಪೋರ್ಟು ಅದಲು ಬದಲು ಆಗ್ತಿದ್ಯಾ? ಲಿನಕ್ಸ್‌ನಲ್ಲಿ ಸೀರಿಯಲ್ ಕನ್ವರ್ಟರ್, ಮೋಡೆಮ್ ಸೆಟಪ್ ಬಗ್ಗೆ

ಮಂಡ್ಯ ಜಿಲ್ಲೆಯ ಓದುಗರೊಬ್ಬರ ಪ್ರಶ್ನೆ:

"ಸರ್, ನಮ್ಮೂರ ಹಾಲಿನ ಡೇರಿಲಿ ಕಂಪ್ಯೂಟರ್ ಕೆಲಸ ನಾನೇ ನೋಡ್ಕೊಳ್ಳೋದು. ಹಳೇ ಪಿಸಿ ಕೆಟ್ಟೋಯ್ತು, ಅದ್ರಲ್ಲಿ ತಕ್ಕಡಿ ಜೋಡ್ಸೋ ಸೀರಿಯಲ್ ಪೋರ್ಟ್ ಇತ್ತು, ಹೊಸದ್ರಲ್ಲಿ ಇಲ್ಲ. ಉಬುಂಟು 22.04 ಲಿನಕ್ಸ್ ಹಾಕಿದ್ದೀನಿ. ಮೊದ್ಲು ಒಂದು ಯುಎಸ್‌ಬಿ ಕನ್ವರ್ಟರ್ ತಂದೆ, ಚುಚ್ಚಿದ ತಕ್ಷಣ ಪೋರ್ಟ್ ಕಾಣ್ಸುತ್ತೆ ಆಮೇಲೆ ಮಾಯ. ಅದನ್ನ ಬಿಟ್ಟು ಬೇರೆ ಕಂಪನಿದು ಒಂದೇ ತರದ್ದು ಎರಡು ತಂದೆ, ಒಂದು ತಕ್ಕಡಿಗೆ, ಒಂದು ಹಾಲಿನ ಕೊಬ್ಬು ಅಳೆಯೋ ಫ್ಯಾಟ್ ಮಷೀನ್‌ಗೆ. ಈಗ ಕರೆಂಟ್ ಹೋಗಿ ಬಂದಾಗೆಲ್ಲ ಯುಎಸ್‌ಬಿ0, ಯುಎಸ್‌ಬಿ1 ಅದಲು ಬದಲಾಗುತ್ತೆ. ತಕ್ಕಡಿ ಮೇಲೆ 5 ಕೆಜಿ ಕಲ್ಲು ಇಟ್ಟು ನೋಡಿದ್ರೆ 5.00 ಅಂತ ಸರಿಯಾಗಿ ಬರುತ್ತೆ, ಹಾಲಿನ ಕ್ಯಾನ್ ಇಟ್ರೆ ಮಧ್ಯೆ ಮಧ್ಯೆ ಪ್ರಶ್ನಾರ್ಥಕ ಚಿಹ್ನೆ. ರೈತರಿಗೆ ಎಸ್‌ಎಂಎಸ್ ಕಳ್ಸೋಕೆ 3ಜಿ ಮೋಡೆಮ್ ಇದೆ, ಅದು ಡಿವೈಸ್ ಬ್ಯುಸಿ ಅನ್ನುತ್ತೆ, ಒಂದೊಂದ್ಸಲ ಪೋರ್ಟ್ ನಂಬರೇ 5ಕ್ಕೆ ಹೋಗಿರುತ್ತೆ. ದಿನಾ ಬೆಳಿಗ್ಗೆ ಪರ್ಮಿಷನ್ 777 ಕೊಡ್ಬೇಕು. ಜೊತೆಲಿ ಬಂದ ಸಿಡಿಲಿರೋ ಡ್ರೈವರ್ ಹಾಕೋಕೆ ಹೋದ್ರೆ ಎರರ್. ಅಂಗಡಿಯವ್ರು ಲಿನಕ್ಸ್‌ಗೆ ಇವೆಲ್ಲ ಆಗಲ್ಲ ವಿಂಡೋಸ್ ಹಾಕ್ಸಿ ಅಂತಾರೆ. ಆರು ಗಂಟೆಗೆ ಜನ ಹಾಲು ಹಿಡ್ಕೊಂಡು ಕ್ಯೂನಲ್ಲಿ ನಿಂತಿರ್ತಾರೆ, ಏನ್ ಮಾಡ್ಲಿ?"

ಉತ್ತರ:

ನಿಮ್ಮ ಪತ್ರ ಓದಿದ್ರೆ ಒಂದೇ ರೋಗ ಅನ್ಸುತ್ತೆ, ಆದ್ರೆ ಇದ್ರಲ್ಲಿ ಐದು ಬೇರೆ ಬೇರೆ ತೊಂದ್ರೆ ಇದೆ, ಮತ್ತೆ ಐದ್ರಲ್ಲಿ ಒಂದೂ ಡ್ರೈವರ್ ಇಲ್ಲದೆ ಆಗಿದ್ದಲ್ಲ. ಅದನ್ನ ಮೊದ್ಲು ಮನಸ್ಸಿಗೆ ತಗೊಳ್ಳಿ, ಯಾಕಂದ್ರೆ ನಾನು ಇಷ್ಟು ವರ್ಷ ಸೀರಿಯಲ್ ಪೋರ್ಟ್ ಕೆಲಸ ಮಾಡಿ ನೋಡಿರೋದು ಇದೇ, ಜನ ಡ್ರೈವರ್ ಹುಡ್ಕೋದ್ರಲ್ಲಿ ವಾರಗಟ್ಟಲೆ ಕಳೀತಾರೆ, ಡ್ರೈವರ್ ಆರಾಮಾಗಿ ಕೆಲಸ ಮಾಡ್ತಾನೇ ಇರುತ್ತೆ. ಕೇಳ್ಬೇಕಾಗಿರೋ ಪ್ರಶ್ನೆ ಎರಡೇ: ಪೋರ್ಟ್ ಈಗ ಯಾವ ಹೆಸರಲ್ಲಿದೆ, ಯಾರ ಕೈಲಿದೆ.

ಅಂಗಡಿಯವರ ಮಾತು ಎಲ್ಲಿಂದ ಬಂತು ಅಂತ ನಂಗೊತ್ತು. ಡಯಲ್‌ಅಪ್ ಕಾಲದಲ್ಲಿ ಕಂಪ್ಯೂಟರ್ ಒಳಗೆ ಕೂರ್ಸೋ ಅಗ್ಗದ ಮೋಡೆಮ್ ಕಾರ್ಡ್‌ಗಳು ಬರ್ತಿದ್ವು, ವಿನ್‌ಮೋಡೆಮ್ ಅಂತ ಕರೀತಿದ್ವಿ. ಮೋಡೆಮ್ ಮಾಡ್ಬೇಕಾದ ಕೆಲಸದ ಬಹುಪಾಲು ಅದ್ರಲ್ಲಿ ವಿಂಡೋಸ್ ಸಾಫ್ಟ್‌ವೇರೇ ಮಾಡ್ತಿತ್ತು, ಕಾರ್ಡಲ್ಲಿ ಜಾಸ್ತಿ ಏನೂ ಇರ್ತಿರ್ಲಿಲ್ಲ. ಅವು ಬಹುಪಾಲು ಲಿನಕ್ಸ್‌ನಲ್ಲಿ ನಡೀತಿರ್ಲಿಲ್ಲ ನಿಜ. ಆ ಕಾಲ ಮುಗ್ದು ಎಷ್ಟೋ ವರ್ಷ ಆಯ್ತು. ಇವತ್ತು ಮಾರ್ಕೆಟ್ಟಲ್ಲಿ ಸಿಗೋ ಯುಎಸ್‌ಬಿ ಸೀರಿಯಲ್ ಕನ್ವರ್ಟರ್ ಬಿಚ್ಚಿದ್ರೆ ಒಳಗಿರೋದು ಹೆಚ್ಚುಕಮ್ಮಿ ನಾಲ್ಕೇ ಜಾತಿ ಚಿಪ್: ಎಫ್‌ಟಿಡಿಐ, ಪ್ರೊಲಿಫಿಕ್ ಪಿಎಲ್2303, ಸಿಲಿಕಾನ್ ಲ್ಯಾಬ್ಸ್‌ನ ಸಿಪಿ2102, ಮತ್ತೆ ಸಿಎಚ್340. ನಾಲ್ಕಕ್ಕೂ ಡ್ರೈವರ್ ಲಿನಕ್ಸ್ ಕರ್ನಲ್ (ಅಂದ್ರೆ ಸಿಸ್ಟಮ್ಮಿನ ತಿರುಳು) ಜೊತೆಗೇ ಬರುತ್ತೆ. ಸಿಡಿಲಿರೋದು ಯಾವ್ದೋ ಹಳೇ ಕರ್ನಲ್‌ಗೆ ಬರೆದ ಕೋಡ್, ಈಗಿನದ್ರಲ್ಲಿ ಕಂಪೈಲ್ ಆಗಲ್ಲ, ಆಗೋದೂ ಬೇಡ. ಆ ಸಿಡಿ ಎತ್ತಿಡಿ. ಹಟ ಹಿಡಿದು ಅದನ್ನ ರೂಟ್ ಆಗಿ ರನ್ ಮಾಡೋಕೆ ಹೋಗ್ಬೇಡಿ, ಕೆಲವು ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳು ಕರ್ನಲ್ ಜೊತೆ ಬಂದಿರೋ ಒಳ್ಳೇ ಡ್ರೈವರನ್ನೇ ಬ್ಲ್ಯಾಕ್‌ಲಿಸ್ಟ್‌ಗೆ ಹಾಕಿ ಹೋಗಿರ್ತವೆ.

ಇನ್ನು ವಿಂಡೋಸ್ ಹಾಕಿದ್ರೆ ಸಲೀಸು ಅನ್ನೋದೂ ಪೂರ್ತಿ ನಿಜ ಅಲ್ಲ. ಹಳೇ ಪಿಎಲ್2303 ಚಿಪ್ಪನ್ನ ವಿಂಡೋಸ್ 11ಕ್ಕೆ ಹಾಕಿದ್ರೆ ತಯಾರಕರ ಡ್ರೈವರೇ ಇದು 2012ರಿಂದ ನಿಂತೋಗಿರೋ ಚಿಪ್ ಅಂತ ಹೇಳಿ ಕೈ ಎತ್ತುತ್ತೆ. ಅದೇ ಚಿಪ್ ಲಿನಕ್ಸ್‌ನಲ್ಲಿ ಇವತ್ತಿಗೂ ನಡೀತಿದೆ.

ಮೊದಲನೇ ಕನ್ವರ್ಟರ್ ಮಾಯ ಆಗಿದ್ದು

ಇದು ಸಿಎಚ್340 ಚಿಪ್ಪಿಂದೇ ಅಂತ ಹೆಚ್ಚುಕಮ್ಮಿ ಖಾತ್ರಿಯಾಗಿ ಹೇಳ್ಬೋದು. ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (lsusb) ಅಂತ ಹೊಡೀರಿ, 1ಎ86:7523 ಅನ್ನೋ ನಂಬರ್ ಕಂಡ್ರೆ ಅದೇ. ಕಣ್ಣು ಕಾಣದೋರು ಬೆರಳಲ್ಲಿ ಓದೋ ಬ್ರೈಲ್ ಡಿಸ್‌ಪ್ಲೇ ಸಾಧನಗಳಿಗೆ ಉಬುಂಟುನಲ್ಲಿ ಬಿಆರ್‌ಎಲ್‌ಟಿಟಿವೈ ಅಂತ ಒಂದು ಪ್ರೋಗ್ರಾಂ ಇದೆ. ಅಂಥ ಒಂದು ಸಾಧನದಲ್ಲೂ ಇದೇ ಚಿಪ್, ಇದೇ ನಂಬರ್. ಹಾಗಾಗಿ ನೀವು ಚುಚ್ಚಿದ ತಕ್ಷಣ ಕರ್ನಲ್ ಪೋರ್ಟ್ ಮಾಡಿಕೊಡುತ್ತೆ, ಮರುಕ್ಷಣ ಈ ಪ್ರೋಗ್ರಾಂ ಬಂದು ಇದು ನಂದು ಅಂತ ಕಿತ್ಕೊಳ್ಳುತ್ತೆ. 22.04ರಲ್ಲಿ ಇದು ಬಹಳ ಜನಕ್ಕೆ ಆಯ್ತು. ಸುಡೊ ಜೊತೆ ಡಿ-ಮೆಸೇಜ್ (dmesg, ಕರ್ನಲ್ ಬರೆದಿಡೋ ವರದಿ ತೋರ್ಸೋ ಕಮಾಂಡ್) ಕೊಟ್ಟು ಕೊನೆ ಸಾಲುಗಳು ನೋಡಿ, ಬಿಆರ್‌ಎಲ್‌ಟಿಟಿವೈ ಹೆಸರೂ ಅದರ ಕೆಳಗೆ ಡಿಸ್‌ಕನೆಕ್ಟೆಡ್ ಅನ್ನೋದೂ ಇರುತ್ತೆ.

ಡೇರಿ ಪಿಸಿಲಿ ಬ್ರೈಲ್ ಸಾಧನ ಯಾರೂ ಬಳಸಲ್ಲ ಅಂದ್ರೆ ಆ ಪ್ಯಾಕೇಜ್ ತೆಗೆದುಬಿಡಿ. ಯಾರಾದ್ರೂ ಬಳಸ್ತಾರೆ ಅಂದ್ರೆ ದಯವಿಟ್ಟು ತೆಗೀಬೇಡಿ, ಅವ್ರಿಗೆ ಕಂಪ್ಯೂಟರೇ ಮುಚ್ಚಿಹೋದ ಹಾಗೆ. ಬದಲಿಗೆ ಅದರ ಯುಡೆವ್ (ಸಾಧನ ಚುಚ್ಚಿದಾಗ ಏನು ಮಾಡ್ಬೇಕು ಅಂತ ನೋಡ್ಕೊಳ್ಳೋ ಲಿನಕ್ಸ್ ವ್ಯವಸ್ಥೆ) ರೂಲ್ಸ್ ಫೈಲನ್ನ ಇಟಿಸಿ ಕೆಳಗಿನ ಯುಡೆವ್ ರೂಲ್ಸ್ ಫೋಲ್ಡರ್‌ಗೆ ಅದೇ ಹೆಸರಲ್ಲಿ ಕಾಪಿ ಮಾಡ್ಕೊಂಡು, ಕಾಪೀಲಿ ಈ ಒಂದು ನಂಬರಿನ ಸಾಲಿಗೆ ಮಾತ್ರ ಮುಂದೆ ಹ್ಯಾಶ್ ಹಾಕಿ. ಎರಡಲ್ಲಿ ಯಾವ್ದು ಮಾಡಿದ್ರೂ ನಿಮ್ಮ ಮೊದಲನೇ ಕನ್ವರ್ಟರ್ ಬದುಕುತ್ತೆ, ದುಡ್ಡು ದಂಡ ಆಗ್ಲಿಲ್ಲ.

ಅದಲು ಬದಲು, ಇದು ನಿಜವಾಗ್ಲೂ ಅಪಾಯ

ಟಿಟಿವೈಯುಎಸ್‌ಬಿ0, ಟಿಟಿವೈಯುಎಸ್‌ಬಿ1 ಅನ್ನೋವು ಹೆಸರಲ್ಲ, ಟೋಕನ್ ನಂಬರ್. ಯಾರು ಮೊದ್ಲು ಬಂದ್ರೋ ಅವ್ರಿಗೆ 0. ಪಿಸಿ ಆನ್ ಆದಾಗ ಯಾವ ಕನ್ವರ್ಟರ್ ಕಾಲು ಸೆಕೆಂಡ್ ಮುಂಚೆ ಎದ್ರೂ ನಂಬರ್ ಬದಲು. ಮಧ್ಯೆ ನಿಮ್ಮ ಮೋಡೆಮ್ ಬೇರೆ, ಒಂದೇ ಮೋಡೆಮ್ ಮೂರು ಪೋರ್ಟ್ ತೋರ್ಸುತ್ತೆ, ಅದು ಮೊದ್ಲು ಎದ್ರೆ 0, 1, 2 ಮೂರೂ ಅದಕ್ಕೇ ಹೋಗಿ ತಕ್ಕಡಿ 3ಕ್ಕೆ ಬಂದು ಕೂರುತ್ತೆ. ಹಳೇ ಪಿಸಿಲಿ ಮದರ್‌ಬೋರ್ಡ್‌ಗೆ ಬೆಸುಗೆ ಹಾಕಿದ್ದ ಪೋರ್ಟ್, ಅದು ಎಲ್ಲೂ ಹೋಗ್ತಿರ್ಲಿಲ್ಲ, ಅದಕ್ಕೇ ಈ ತೊಂದ್ರೆ ನಿಮಗೆ ಹೊಸದು.

ನಂಗೆ ಭಯ ಆಗೋದು ಏನಕ್ಕೆ ಅಂದ್ರೆ, ಬದಲಾದ್ರೂ ಗೊತ್ತಾಗದೇ ಇರೋ ದಿನ ಇರುತ್ತೆ. ಯಾರೋ ಒಬ್ರು ಹೆಣ್ಮಗಳು ನಾಲ್ಕು ಲೀಟರ್ ಚಿಲ್ಲರೆ ಹಾಕ್ತಾರೆ, ತೂಕ 4.2, ಅವರ ಹಾಲಿನ ಫ್ಯಾಟ್ 3.9. ಅದಲು ಬದಲಾದ್ರೆ ತೂಕ 3.9, ಫ್ಯಾಟ್ 4.2. ಎರಡೂ ನಂಬೋ ಹಾಗಿರೋ ಅಂಕಿ, ಸ್ಕ್ರೀನಲ್ಲಿ ಎರರ್ ಬರಲ್ಲ, ಚೀಟಿ ಪ್ರಿಂಟ್ ಆಗುತ್ತೆ, ಹಾಲು ಕ್ಯಾನಿಗೆ ಸುರಿದು ಮುಗಿದಿರುತ್ತೆ. ಆ ಹೆಣ್ಮಗಳ ವಾರದ ಬಟವಾಡೆ ಆ ಚೀಟಿ ಮೇಲೆ ನಿಂತಿದೆ. ಹಾಗಾಗಿ ಬೇರೆ ಎಲ್ಲಾದಕ್ಕಿಂತ ಮುಂಚೆ ಇದನ್ನ ಸರಿ ಮಾಡಿ.

ಮೂರು ದಾರಿ ಇದೆ.

ಖರ್ಚಿಲ್ಲದ ದಾರಿ ಅಂದ್ರೆ, ಸಾಧನಗಳ ಹೆಸರೆಲ್ಲ ಇರೋ ಡೆವ್ ಫೋಲ್ಡರ್ ಒಳಗೆ ಸೀರಿಯಲ್ ಅಂತ ಇನ್ನೊಂದು ಫೋಲ್ಡರ್ ಇದೆ, ಅದರೊಳಗೆ ಬೈ-ಐಡಿ ಮತ್ತೆ ಬೈ-ಪಾತ್. ಬೈ-ಐಡಿ ಚಿಪ್ಪಿನ ಹೆಸರು, ಸೀರಿಯಲ್ ನಂಬರ್ ನೋಡಿ ಹೆಸರಿಡುತ್ತೆ. ನಿಮ್ಮ ಎರಡು ಕನ್ವರ್ಟರೂ ಒಂದೇ ತರ, ಪಿಎಲ್2303 ಆಗಿದ್ರೆ ಬಹುತೇಕ ಸೀರಿಯಲ್ ನಂಬರ್ ಇರಲ್ಲ, ಆಗ ಬೈ-ಐಡಿಲಿ ಎರಡಕ್ಕೂ ಸೇರಿ ಒಂದೇ ಹೆಸರು ಕಾಣುತ್ತೆ, ಅದನ್ನ ನಂಬ್ಕೋಬೇಡಿ. ಬೈ-ಪಾತ್ ಹಾಗಲ್ಲ, ಅದು ಯಾವ ಯುಎಸ್‌ಬಿ ತೂತಿಗೆ ಚುಚ್ಚಿದ್ದೀರಿ ಅನ್ನೋದ್ರ ಮೇಲೆ ಹೆಸರಿಡುತ್ತೆ. ನಿಮ್ಮ ಸಾಫ್ಟ್‌ವೇರ್ ಸೆಟ್ಟಿಂಗಲ್ಲಿ ಟಿಟಿವೈಯುಎಸ್‌ಬಿ0 ಇರೋ ಜಾಗಕ್ಕೆ ಆ ಉದ್ದನೇ ಹೆಸರು ಹಾಕಿದ್ರೆ ಸಾಕು. ಕೆಲವು ಸಾಫ್ಟ್‌ವೇರ್‌ಗೆ ಉದ್ದ ಹೆಸರು ಆಗಿಬರಲ್ಲ, ಆಗ ಯುಡೆವ್‌ನಲ್ಲಿ ಒಂದು ಸಾಲಿನ ರೂಲ್ ಬರೀರಿ: ಸಬ್‌ಸಿಸ್ಟಮ್ ಟಿಟಿವೈ, ಪಾತ್ ಇಂಥದ್ದು ಆಗಿದ್ರೆ ತಕ್ಕಡಿ ಅನ್ನೋ ಹೆಸರಲ್ಲಿ ಸಿಮ್‌ಲಿಂಕ್ (ಅಡ್ಡಹೆಸರು) ಮಾಡು ಅಂತ. ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇಡಿ. ಇದರ ಅಪಾಯ ಏನು, ಯಾರೋ ಕಸ ಗುಡಿಸುವಾಗ ವೈರ್ ಕಿತ್ತು ಬೇರೆ ತೂತಿಗೆ ಹಾಕಿದ್ರೆ ಮತ್ತೆ ಕಥೆ ಶುರು. ಅದಕ್ಕೆ ತೂತಿಗೂ ವೈರಿಗೂ ಒಂದೇ ಬಣ್ಣದ ಉಗುರುಬಣ್ಣ ಹಚ್ಚಿ, ನಾನು ಹೋದ ಕಡೆ ಎಲ್ಲಾ ಇದನ್ನೇ ಮಾಡ್ಸೋದು, ಕಾಗದದ ಲೇಬಲ್ ಹಾಲಿನ ಕೈ ತಾಗಿ ಎರಡೇ ವಾರಕ್ಕೆ ಬಿದ್ದೋಗುತ್ತೆ. ಯುಎಸ್‌ಬಿ ಹಬ್ ಬದಲಾಯ್ಸಿದ್ರೂ ಪಾತ್ ಬದಲಾಗ್ಬೋದು, ನೆನಪಿರ್ಲಿ.

ಎರಡನೇದು ಸೀರಿಯಲ್ ನಂಬರ್ ಇರೋ ಎಫ್‌ಟಿಡಿಐ ಚಿಪ್ಪಿನ ಕನ್ವರ್ಟರ್ ತಗೊಳ್ಳೋದು. ಆಗ ಯಾವ ತೂತಿಗೆ ಹಾಕಿದ್ರೂ ಹೆಸರು ಅದೇ. ಬೆಲೆ ಜಾಸ್ತಿ, ಮತ್ತೆ ಈ ಚಿಪ್ಪಿನ ನಕಲು ಮಾಲು ಬೇಕಾದಷ್ಟಿದೆ, ಎರಡು ತಂದು ಎರಡರಲ್ಲೂ ಒಂದೇ ಸೀರಿಯಲ್ ನಂಬರ್ ಬಂದ್ರೆ ಅಂಗಡಿಗೆ ವಾಪಸ್ ಕೊಡಿ.

ಮೂರನೇದು ಪಿಸಿಐ ಎಕ್ಸ್‌ಪ್ರೆಸ್ ಸೀರಿಯಲ್ ಕಾರ್ಡ್. ನಿಮ್ಮ ಪಿಸಿಲಿ ಸ್ಲಾಟ್ ಖಾಲಿ ಇದ್ರೆ ನನ್ನ ಮನಸ್ಸು ಇದರ ಕಡೆಗೇ. ಬರೀ ಎರಡು ಪೋರ್ಟ್, ಪಿಸಿ ಒಳಗೆ ಸ್ಕ್ರೂ ಹಾಕಿ ಕೂತಿರುತ್ತೆ, ಟಿಟಿವೈಎಸ್4, ಟಿಟಿವೈಎಸ್5 ಅಂತ ಬರುತ್ತೆ, ಕಾರ್ಡ್ ಕೀಳದೆ ಬದಲಾಗಲ್ಲ. ಕೆಲವು ಲಿನಕ್ಸ್‌ಗಳು ನಾಲ್ಕೇ ಪೋರ್ಟ್‌ಗೆ ಜಾಗ ಇಟ್ಟಿರ್ತವೆ, ಕಾರ್ಡ್ ಹಾಕಿದ್ರೂ ಕಾಣ್ಲಿಲ್ಲ ಅಂದ್ರೆ ಬೂಟ್ ಸಾಲಲ್ಲಿ 8250.ಎನ್‌ಆರ್_ಯುಎಆರ್‌ಟಿಎಸ್=8 ಅಂತ ಸೇರಿಸ್ಬೇಕು, ಇಂಗ್ಲಿಷ್ ಅಕ್ಷರದಲ್ಲಿ. ತಗೊಳ್ಳೋ ಮುಂಚೆ ಕ್ಯಾಬಿನೆಟ್ ಸಣ್ಣದಾ ದೊಡ್ಡದಾ ನೋಡ್ಕೊಳ್ಳಿ, ಸಣ್ಣ ಕ್ಯಾಬಿನೆಟ್‌ಗೆ ಗಿಡ್ಡ ಪಟ್ಟಿ ಬೇಕು.

5 ಕೆಜಿ ಸರಿ, ಹಾಲಿನ ಕ್ಯಾನ್ ತಪ್ಪು: ಇದು ಹೇಗೆ ಸಾಧ್ಯ?

ನಿಮ್ಮ ಪತ್ರದಲ್ಲಿ ನಂಗೆ ಬಹಳ ಉಪಯೋಗ ಆಗಿದ್ದು ಈ ಒಂದು ಸಾಲು. ಬಾಡ್ ರೇಟ್ (ಡೇಟಾ ಕಳಿಸೋ ವೇಗ) ತಪ್ಪಾಗಿದ್ರೆ 5.00 ಕೂಡ ಓದೋಕೆ ಬರ್ತಿರ್ಲಿಲ್ಲ, ಎಲ್ಲಾ ಕಸ ಆಗಿರೋದು. ಕೆಲವು ಅಂಕಿ ಮಾತ್ರ ಕೆಡ್ತಿದೆ ಅಂದ್ರೆ ತಪ್ಪಿರೋದು ಪ್ಯಾರಿಟಿಲಿ, ಅಂದ್ರೆ ಅಕ್ಷರ ಸರಿಯಾಗಿ ಬಂತಾ ಅಂತ ನೋಡೋಕೆ ಸೇರಿಸೋ ಬಿಟ್‌ನಲ್ಲಿ.

ಒಂದು ಪ್ರಯೋಗ ಮಾಡಿ. ಪೋರ್ಟಲ್ಲಿ ಬರೋದನ್ನ ಹಾಗೇ ತೋರ್ಸೋ ಪಿಕೊಕಾಂ ಅನ್ನೋ ಪ್ರೋಗ್ರಾಂ ಓಪನ್ ಮಾಡಿ ತಕ್ಕಡಿ ಪೋರ್ಟ್ ನೋಡ್ತಾ ತೂಕ ಬದಲಾಯ್ಸ್ತಾ ಹೋಗಿ. 0, 3, 5, 6, 9 ಮಾತ್ರ ಸರಿಯಾಗಿ ಬಂದು 1, 2, 4, 7, 8 ಬಂದಾಗೆಲ್ಲ ಚಿಹ್ನೆ ಕಾಣಿಸ್ತಾ ಇದ್ರೆ ನಿಮ್ಮ ತಕ್ಕಡಿ 7 ಬಿಟ್, ಈವನ್ ಪ್ಯಾರಿಟಿಲಿ ಕಳಿಸ್ತಿದೆ, ಪಿಸಿ 8 ಬಿಟ್, ಪ್ಯಾರಿಟಿ ಇಲ್ಲ ಅಂತ ಓದ್ತಿದೆ. ಯಾಕೆ ಅಂದ್ರೆ ಈವನ್ ಪ್ಯಾರಿಟಿಲಿ ಒಂದು ಅಕ್ಷರದ ಬಿಟ್‌ಗಳಲ್ಲಿ ಒಟ್ಟು ಒಂದುಗಳು ಸಮಸಂಖ್ಯೆ ಆಗ್ಬೇಕು, ಕಮ್ಮಿ ಬಿದ್ರೆ ಎಂಟನೇ ಬಿಟ್‌ನಲ್ಲಿ ಒಂದು ಸೇರಿಸಿ ಕಳಿಸುತ್ತೆ. 5ರ ಕೋಡಲ್ಲಿ ನಾಲ್ಕು ಒಂದುಗಳಿವೆ, 0ರಲ್ಲಿ ಎರಡು, ಪಾಯಿಂಟ್‌ನಲ್ಲಿ ನಾಲ್ಕು, ಅವಕ್ಕೆ ಏನೂ ಸೇರಲ್ಲ, ಹಾಗೇ ಬರ್ತವೆ. 1ರಲ್ಲಿ ಮೂರು ಇದೆ, ಎಂಟನೇ ಬಿಟ್ ಸೇರುತ್ತೆ, ಪಿಸಿ ಅದನ್ನ ಬೇರೆ ಅಕ್ಷರ ಅಂದ್ಕೊಳ್ಳುತ್ತೆ. ಎರಡೂ ಸೆಟ್ಟಿಂಗಲ್ಲಿ ಒಂದು ಅಕ್ಷರಕ್ಕೆ ಒಟ್ಟು ಹತ್ತು ಬಿಟ್ಟೇ ಆಗೋದ್ರಿಂದ ಎರರ್ ಕೂಡ ಬರಲ್ಲ. ನೀವು ಆರಿಸ್ಕೊಂಡ 5 ಕೆಜಿ ಕಲ್ಲು 5.00 ಅಂತ ತೋರ್ಸುತ್ತೆ ನೋಡಿ, ಅದ್ರಲ್ಲಿ ಕೆಡೋ ಅಂಕಿ ಒಂದೂ ಇಲ್ಲ!

ಇನ್ನೊಂದು ಗುರುತು, ಸ್ಕ್ರೀನಲ್ಲಿ ಸಾಲುಗಳು ಎಡಕ್ಕೆ ವಾಪಸ್ ಬರದೆ ಮೆಟ್ಟಿಲ ಹಾಗೆ ಬಲಕ್ಕೆ ಇಳಿದು ಹೋಗ್ತಿರುತ್ತೆ. ಸಾಲಿನ ಕೊನೆಗೆ ಬರೋ ಕ್ಯಾರೇಜ್ ರಿಟರ್ನ್ ಕೋಡ್ 13, ಅದ್ರಲ್ಲೂ ಮೂರು ಒಂದುಗಳು, ಅದೂ ಕೆಡುತ್ತೆ, ಲೈನ್ ಫೀಡ್ ಕೋಡ್ 10 ಮಾತ್ರ ಉಳ್ಕೊಳ್ಳುತ್ತೆ.

ಪರಿಹಾರ ಸುಲಭ, ಸಾಫ್ಟ್‌ವೇರಲ್ಲಿ ಡೇಟಾ ಬಿಟ್ 7, ಪ್ಯಾರಿಟಿ ಈವನ್, ಸ್ಟಾಪ್ 1 ಮಾಡಿ. ಎಸ್‌ಟಿಟಿವೈ ಕಮಾಂಡಲ್ಲಿ ಹಾಕಿ ಬಿಟ್ರೆ ಆಯ್ತು ಅಂದ್ಕೋಬೇಡಿ, ವೈರ್ ಒಂದ್ಸಲ ಕಿತ್ತು ಹಾಕಿದ್ರೆ ಅದು ಹೋಯ್ತು, ಸಾಫ್ಟ್‌ವೇರೇ ಪ್ರತಿ ಸಲ ಪೋರ್ಟ್ ತೆಗೆದಾಗ ಹೇಳ್ಬೇಕು. ಕಸದ ಅಕ್ಷರ ಬಂದ ಸಾಲನ್ನ ಸಾಫ್ಟ್‌ವೇರ್ ಪೂರ್ತಿ ಬಿಸಾಕ್ಬೇಕು, ಕೆಟ್ಟ ಅಕ್ಷರ ಮಾತ್ರ ತೆಗೆದು ಉಳಿದ ಅಂಕಿ ಇಟ್ಕೊಳ್ಳೋ ಹಾಗೆ ಬರೆದಿದ್ರೆ 15.60 ಹೋಗಿ 5.60 ಆಗುತ್ತೆ. ಬರೆದುಕೊಟ್ಟೋರಿಗೆ ಇದನ್ನ ಖಂಡಿತ ಕೇಳಿ.

ಫ್ಯಾಟ್ ಮಷೀನ್ ಬಗ್ಗೆ ಒಂದೇ ಮಾತು. ಪಿಸಿ ಕೇಳಿದ್ರೆ ಮಾತ್ರ ಉತ್ತರ ಕೊಡೋ ಮಷೀನ್ ಆಗಿದ್ದು, ಕೇಬಲಲ್ಲಿ ಮೂರೇ ವೈರ್ (2, 3, 5ನೇ ಪಿನ್) ಇದ್ರೆ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಕಳಿಸ್ಲಾ ಅಂತ ಬೇರೆ ವೈರಲ್ಲಿ ಕೇಳೋದು) ಆಫ್ ಇರ್ಬೇಕು. ಆನ್ ಇದ್ರೆ ಪಿಸಿ ಬಾರದ ಸಿಗ್ನಲ್‌ಗೆ ಕಾಯ್ತಾ ಕೂತ್ಬಿಡುತ್ತೆ. ಮತ್ತೆ ಮಷೀನ್‌ಗೆ ಹಾಕೋ ಕನ್ವರ್ಟರ್ ಆರ್‌ಎಸ್232 ಅಂತಲೇ ಇರ್ಬೇಕು, ಹುಡುಗರು ಪ್ರಾಜೆಕ್ಟ್‌ಗೆ ತರೋ ನಾಲ್ಕು ಪಿನ್ನಿನ ಟಿಟಿಎಲ್ ಬೋರ್ಡ್ ಬೇಡ, ಅದು ಬರೀ 3.3 ಅಥವಾ 5 ವೋಲ್ಟ್‌ದು, ಆರ್‌ಎಸ್232 ಲೈನಲ್ಲಿ ಪ್ಲಸ್ ಮೈನಸ್ 15 ವೋಲ್ಟ್‌ವರೆಗೂ ಬರುತ್ತೆ, ಸುಟ್ಟೋಗುತ್ತೆ.

777 ಬಿಡಿ

ಡೆವ್ ಫೋಲ್ಡರ್ ಡಿಸ್ಕಲ್ಲಿಲ್ಲ, ಪ್ರತಿ ಬೂಟ್‌ಗೂ ಹೊಸದಾಗಿ ಹುಟ್ಟುತ್ತೆ, ಅದಕ್ಕೇ ನೀವು ಕೊಟ್ಟ ಪರ್ಮಿಷನ್ ಬೆಳಿಗ್ಗೆ ಇರಲ್ಲ. ಉಬುಂಟುನಲ್ಲಿ ಈ ಪೋರ್ಟ್‌ಗಳು ಡಯಲ್‌ಔಟ್ ಅನ್ನೋ ಗ್ರೂಪ್‌ಗೆ ಸೇರಿದ್ದು, ಡೇರಿ ಲಾಗಿನ್ನನ್ನ ಆ ಗ್ರೂಪ್‌ಗೆ ಸೇರಿಸಿ ಒಂದ್ಸಲ ಲಾಗ್‌ಔಟ್ ಆಗಿ ಬಂದ್ರೆ ಮುಗೀತು. ಯೂಸರ್‌ಮಾಡ್ ಕಮಾಂಡಲ್ಲಿ ಕ್ಯಾಪಿಟಲ್ ಜಿ ಜೊತೆ ಸ್ಮಾಲ್ ಎ ಇರ್ಲೇಬೇಕು. ಎ ಮರೆತ್ರೆ ಆ ಯೂಸರ್ ಉಳಿದ ಎಲ್ಲಾ ಗ್ರೂಪಿಂದ ಆಚೆ ಬೀಳ್ತಾರೆ, ಸುಡೊ ಗ್ರೂಪಿಂದಲೂ. ಆಮೇಲೆ ಆ ಲಾಗಿನ್ನಿಂದ ಅಡ್ಮಿನ್ ಕೆಲಸ ಮಾಡೋಕೇ ಆಗಲ್ಲ.

ಮೋಡೆಮ್ ಕಥೆ

ಬ್ಯುಸಿ ಅಂತ ಬರೋದು ಮೋಡೆಮ್ ಮ್ಯಾನೇಜರ್ ಅನ್ನೋ ಸರ್ವೀಸ್ ಅದನ್ನ ಹಿಡ್ಕೊಂಡಿರೋದ್ರಿಂದ. ಅದು ತಪ್ಪೇನಲ್ಲ, ಮೋಡೆಮ್ ಕಂಡ್ರೆ ಎಟಿ ಕಮಾಂಡ್ (ಮೋಡೆಮ್‌ಗೆ ಅರ್ಥ ಆಗೋ ಆಜ್ಞೆ) ಕಳಿಸಿ ಪರಿಚಯ ಮಾಡ್ಕೊಂಡು ತನ್ನ ಹತ್ರ ಇಟ್ಕೊಳ್ಳೋದೇ ಅದರ ಕೆಲಸ. ನಿಮ್ಮ ಎಸ್‌ಎಂಎಸ್ ಸಾಫ್ಟ್‌ವೇರೂ ಅದೇ ಪೋರ್ಟ್ ಕೇಳುತ್ತೆ, ಇಬ್ರಿಗೂ ಒಟ್ಟಿಗೆ ಕೊಡೋಕಾಗಲ್ಲ. ಒಬ್ರನ್ನ ಆರಿಸಿ. ನಿಮ್ಮ ಸಾಫ್ಟ್‌ವೇರ್ ಉಳಿಸ್ಕೋಬೇಕು ಅಂದ್ರೆ ಎಲ್‌ಎಸ್‌ಯುಎಸ್‌ಬಿಲಿ ಕಾಣೋ ಆ ಮೋಡೆಮ್ಮಿನ ನಂಬರ್ ಹಾಕಿ ಮೋಡೆಮ್ ಮ್ಯಾನೇಜರ್ ಇದನ್ನ ಮುಟ್ಟಬಾರ್ದು ಅನ್ನೋ ಇಗ್ನೋರ್ ಗುರುತು ಯುಡೆವ್ ರೂಲಲ್ಲಿ ಕೊಡಿ. ಸರ್ವೀಸನ್ನೇ ಪೂರ್ತಿ ನಿಲ್ಲಿಸೋದೂ ಒಂದು ದಾರಿ, ಆದ್ರೆ ಇದೇ ಮೋಡೆಮ್‌ನಿಂದ ಇಂಟರ್ನೆಟ್ಟೂ ತಗೋತಿದ್ರೆ ಅದು ನಿಂತೋಗ್ಬೋದು.

ನಂಬರ್ 5ಕ್ಕೆ ಜಿಗಿಯೋದು ಬೇರೆ ವಿಷಯ, ಅದು ಕರೆಂಟಿನ ತೊಂದ್ರೆ ಅನ್ಸುತ್ತೆ. ಮೆಸೇಜ್ ಕಳಿಸೋ ಹೊತ್ತಲ್ಲಿ ಮೋಡೆಮ್ ಒಮ್ಮೆಲೇ ಜಾಸ್ತಿ ಎಳೆಯುತ್ತೆ, ಯುಎಸ್‌ಬಿ 2 ಪೋರ್ಟ್ ಕೊಡೋದು 500 ಮಿಲಿಆಂಪ್, ಸಿಗ್ನಲ್ ಕಮ್ಮಿ ಇರೋ ಹಳ್ಳೀಲಿ ಮೋಡೆಮ್ ಇನ್ನೂ ಜೋರಾಗಿ ಕೂಗ್ಬೇಕಲ್ಲ. ಸಾಕಾಗದೆ ಬಿದ್ದು ಎದ್ದಾಗ ಹಳೇ ನಂಬರನ್ನ ನಿಮ್ಮ ಸಾಫ್ಟ್‌ವೇರ್ ಇನ್ನೂ ಹಿಡ್ಕೊಂಡಿರುತ್ತೆ, ಕರ್ನಲ್ ಮುಂದಿನ ಖಾಲಿ ನಂಬರ್ ಕೊಡುತ್ತೆ. ಡಿ-ಮೆಸೇಜಲ್ಲಿ ಮೆಸೇಜ್ ಕಳಿಸಿದ ಹೊತ್ತಿಗೇ ಡಿಸ್‌ಕನೆಕ್ಟ್ ಅಂತ ಇದ್ರೆ ಬೇರೆ ಅಡಾಪ್ಟರಿಂದ ಕರೆಂಟ್ ತಗೊಳ್ಳೋ ಯುಎಸ್‌ಬಿ ಹಬ್ ಹಾಕಿ. ಇದಕ್ಕೆ ಬೈ-ಐಡಿ ಹೆಸರು ಬಳಸ್ಬೋದು, ಒಂದೇ ಮೋಡೆಮ್ಮಿನ ಮೂರು ಪೋರ್ಟ್‌ಗೂ ಅದ್ರಲ್ಲಿ ಬೇರೆ ಬೇರೆ ಹೆಸರು ಬರುತ್ತೆ.

ಇಷ್ಟೆಲ್ಲ ಸರಿಯಾದ್ಮೇಲೂ ಮೆಸೇಜ್ ಹೋಗ್ತಿಲ್ಲ ಅಂದ್ರೆ ಸಿಮ್ ಯಾವ್ದು ನೋಡಿ. ಜಿಯೋದಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ, 3ಜಿ ಮೋಡೆಮ್‌ಗೆ ಆ ಸಿಮ್ ಹಾಕಿದ್ರೆ ನೆಟ್‌ವರ್ಕ್ ಸಿಗಲ್ಲ. ಸಿಗ್ನಲ್ ಎಷ್ಟಿದೆ ಅಂತ ಮೋಡೆಮ್‌ಗೆ ಕೇಳೋ ಎಟಿ+ಸಿಎಸ್‌ಕ್ಯೂ ಕಮಾಂಡ್ ಕೊಟ್ಟಾಗ 99 ಬಂದ್ರೆ ಸಿಗ್ನಲ್ ಗೊತ್ತಾಗ್ತಿಲ್ಲ ಅಂತ, 31 ಅಂದ್ರೆ ಪೂರ್ತಿ. ಕನ್ನಡದಲ್ಲಿ ಕಳಿಸಿದ್ರೆ ಒಂದು ಮೆಸೇಜಿಗೆ 70 ಅಕ್ಷರ ಅಷ್ಟೇ, ಇಂಗ್ಲಿಷ್‌ನಲ್ಲಿ 160, ಒತ್ತಕ್ಷರ ಗುಣಿತ ಎಲ್ಲಾ ಬೇರೆ ಬೇರೆ ಲೆಕ್ಕ ಆಗುತ್ತೆ, ಹಾಗಾಗಿ ತೂಕ, ಫ್ಯಾಟ್, ರೂಪಾಯಿ ಇಷ್ಟೇ ಇರೋ ಹಾಗೆ ಚಿಕ್ಕದಾಗಿ ಬರೀರಿ. ಮತ್ತೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮದ ಪ್ರಕಾರ ವ್ಯವಹಾರದ ಮೆಸೇಜ್‌ಗಳು ರಿಜಿಸ್ಟರ್ ಆದ ಹೆಡರ್ (ಕಳಿಸೋರ ಹೆಸರು), ಟೆಂಪ್ಲೇಟ್ (ಮೆಸೇಜಿನ ನಮೂನೆ) ಮೂಲಕ ಹೋಗ್ಬೇಕು. ಸಾಮಾನ್ಯ ಸಿಮ್‌ನಿಂದ ದಿನಾ ಎರಡು ಹೊತ್ತು ಊರಿಗೆಲ್ಲ ಕಳಿಸಿ ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ನಂಬರ್ ಬಂದ್ ಆಗೋ ಅಪಾಯ ಇದೆ, ಸಂಘದ ಮೀಟಿಂಗಲ್ಲಿ ಈ ವಿಷಯ ಇಡಿ.

ಫ್ರೀಬಿಎಸ್‌ಡಿ ಅಥವಾ ಮ್ಯಾಕ್ ಬಳಸೋರೂ ಇದನ್ನ ಓದ್ತಿದ್ರೆ, ಅಲ್ಲಿ ಒಂದೇ ಪೋರ್ಟ್‌ಗೆ ಎರಡು ಹೆಸರಿರುತ್ತೆ, ಟಿಟಿವೈ ಅಂತ ಒಂದು, ಸಿಯು ಅಂತ ಶುರುವಾಗೋದು ಒಂದು. ಟಿಟಿವೈ ಹೆಸರು ಹೊರಗಿಂದ ಕರೆ ಬರ್ಲಿ ಅಂತ ಕಾಯೋಕೆ, ಕ್ಯಾರಿಯರ್ ಸಿಗ್ನಲ್ ಬರೋವರೆಗೂ ಓಪನ್ನೇ ಆಗಲ್ಲ. ತಕ್ಕಡಿಯಂಥ ಸಾಧನಕ್ಕೆ ಸಿಯು ಹೆಸರು ಬಳಸಿ.

ಕೆಲಸ ಯಾವಾಗ ಮಾಡೋದು ಅಂದ್ರೆ, ಸಂಜೆ ಹಾಲು ಮುಗಿದು ಲೆಕ್ಕ ಕ್ಲೋಸ್ ಆದ್ಮೇಲೆ. ಮೊದ್ಲು ಪೋರ್ಟ್ ಹೆಸರು, ಆಮೇಲೆ ಡಯಲ್‌ಔಟ್ ಗ್ರೂಪ್, ಆಮೇಲೆ ಪ್ಯಾರಿಟಿ, ಮೋಡೆಮ್ ಬೇಕಾದ್ರೆ ನಾಳಿದ್ದಕ್ಕೆ ಇಟ್ಕೊಳ್ಳಿ. ಎಲ್ಲಾ ಆದ್ಮೇಲೆ ಪಿಸಿ ಸ್ವಿಚ್ ಐದಾರು ಸಲ ಆಫ್ ಆನ್ ಮಾಡಿ, ಪ್ರತಿ ಸಲ ತಕ್ಕಡಿ ಮೇಲೆ ಒಂದು ಬಕೆಟ್ ಇಟ್ಟು ನೀರು ಸುರೀತಾ ಹೋಗಿ, 1, 2, 4, 7, 8 ಐದೂ ಅಂಕಿ ತಕ್ಕಡಿ ಡಿಸ್‌ಪ್ಲೇಲೂ ಸ್ಕ್ರೀನಲ್ಲೂ ಒಂದೇ ತರ ಬಂತಾ ನೋಡಿ. ಬರ್ಲಿಲ್ಲ ಅಂದ್ರೆ ಡಿ-ಮೆಸೇಜ್‌ನ ಕೊನೆ ಐವತ್ತು ಸಾಲು ಮತ್ತೆ ಎಲ್‌ಎಸ್‌ಯುಎಸ್‌ಬಿ ಔಟ್‌ಪುಟ್ ನಂಗೆ ಕಳಿಸಿ, ಮುಂದಿನದು ನೋಡೋಣ.